ನಿಮ್ಮ ಸಂಸದರು ಸದನದಲ್ಲಿ ಏನು ಮಾಡುತ್ತಾರೆ? ಹುಡುಕಿ ಓದುವ ಬಗೆ, ಪ್ರಶ್ನೆ ಕೇಳಿಸುವ ಬಗೆ

ಸಂಸದರ ಮೇಲೆ ನಮ್ಮ ಕಡೆ ಕೇಳಿಬರುವ ದೂರುಗಳು ಬಹುಮಟ್ಟಿಗೆ ಎರಡೇ. ಗೆದ್ದ ಮೇಲೆ ಊರಿನತ್ತ ತಲೆ ಹಾಕಲಿಲ್ಲ ಎಂಬುದು ಒಂದು, ಚರಂಡಿ ಮಾಡಿಸಿಕೊಡಲಿಲ್ಲ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಹುರುಳಿರಬಹುದು. ಎರಡನೆಯದು ವಿಳಾಸ ತಪ್ಪಿದ ಕಾಗದ. ಚರಂಡಿ ಪಂಚಾಯಿತಿಯದೋ ಪುರಸಭೆಯದೋ ಕೆಲಸ. ಇವರನ್ನು ಯಾವ ಕೆಲಸಕ್ಕೆಂದು ದೆಹಲಿಗೆ ಕಳುಹಿಸಿದೆವೋ ಆ ಕೆಲಸ ನಡೆಯಿತೇ ಎಂದು ಕೇಳಿದವರನ್ನು ನಾನು ಕಂಡದ್ದು ಕಡಿಮೆ.

ಆ ಕೆಲಸ ಯಾವುದು? ಸರ್ಕಾರವನ್ನು ಎದುರು ಕೂರಿಸಿಕೊಂಡು ಲೆಕ್ಕ ಕೇಳುವುದು. ಕಾನೂನು ಮಾಡುವುದು, ಬಜೆಟ್ಟಿಗೆ ಒಪ್ಪಿಗೆ ಕೊಡುವುದು ಎಲ್ಲವೂ ಇದರ ಸುತ್ತಲೇ ತಿರುಗುತ್ತವೆ. ಮಂತ್ರಿಮಂಡಲ ಒಟ್ಟಾಗಿ ಲೋಕಸಭೆಗೆ ಹೊಣೆ ಎಂದು ಸಂವಿಧಾನದ 75(3)ನೇ ವಿಧಿ ಹೇಳುತ್ತದೆ. ಇದು ಬರೀ ಪುಸ್ತಕದ ಮಾತಲ್ಲ ಎಂಬುದಕ್ಕೆ ಸಾಕ್ಷಿ ಬೇಕಿದ್ದರೆ ನಮ್ಮ ಹಾಸನದ ಎಚ್.ಡಿ. ದೇವೇಗೌಡರನ್ನೇ ನೆನೆಯಬಹುದು. 1997ರ ಏಪ್ರಿಲ್ 11ರಂದು ವಿಶ್ವಾಸಮತದಲ್ಲಿ ಅವರ ಪರ 158, ವಿರುದ್ಧ 292 ಮತ ಬಿದ್ದು ಸರ್ಕಾರ ಹೋಯಿತು. ಆಗ ರಾಜ್ಯಸಭೆಯ ಸದಸ್ಯರಾಗಿದ್ದ ಪ್ರಧಾನಿಗೆ ಆ ಮತದಾನದಲ್ಲಿ ಸ್ವಂತದ್ದೊಂದು ಮತವೂ ಇರಲಿಲ್ಲ. ಎರಡು ವರ್ಷ ಕಳೆದು, 1999ರ ಏಪ್ರಿಲ್ 17ರಂದು, ಅಟಲ್ ಬಿಹಾರಿ ವಾಜಪೇಯಿ ಅವರ ಸರ್ಕಾರ 269ಕ್ಕೆ 270ರಂತೆ ಒಂದೇ ಒಂದು ಮತದಲ್ಲಿ ಸೋತಿತು.

ಅಂಥ ದಿನಗಳು ಅಪರೂಪ. ಉಳಿದ ದಿನಗಳಲ್ಲಿ ಲೆಕ್ಕ ಕೇಳುವ ಕೆಲಸ ಸದ್ದಿಲ್ಲದೆ, ಕಾಗದದ ಮೇಲೆ ನಡೆಯುತ್ತದೆ, ಮತ್ತು ಆ ಕಾಗದಗಳೆಲ್ಲ ನಿಮ್ಮ ಮೊಬೈಲಿನಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ಅವನ್ನು ಹೇಗೆ ಹುಡುಕುವುದು, ಹೇಗೆ ಓದುವುದು, ಕೊನೆಗೆ ನಿಮ್ಮದೇ ಒಂದು ಪ್ರಶ್ನೆಯನ್ನು ಮಂತ್ರಿಯ ಮೇಜಿಗೆ ಹೇಗೆ ತಲುಪಿಸುವುದು ಎಂಬುದನ್ನು ಇಲ್ಲಿ ಒಂದೊಂದಾಗಿ ಹೇಳುತ್ತೇನೆ. ಒಂದು ಭಾನುವಾರದ ಮಧ್ಯಾಹ್ನ ಬಿಡುವು ಮಾಡಿಕೊಂಡರೆ ಮೊದಲ ನಾಲ್ಕು ಹೆಜ್ಜೆ ಮುಗಿಯುತ್ತವೆ.

ಹೆಜ್ಜೆ 1: ನಿಮ್ಮ ಸಂಸದರು ಯಾರೆಂದು ಖಾತ್ರಿ ಮಾಡಿಕೊಳ್ಳಿ

ಇದನ್ನೂ ಹೇಳಬೇಕೇ ಎಂದು ನಗಬೇಡಿ. ಕರ್ನಾಟಕದಲ್ಲಿ ಲೋಕಸಭಾ ಕ್ಷೇತ್ರಗಳು 28, ವಿಧಾನಸಭಾ ಕ್ಷೇತ್ರಗಳು 224. ಅಂದರೆ ಒಬ್ಬ ಸಂಸದರಿಗೆ ಎಂಟು ವಿಧಾನಸಭಾ ಕ್ಷೇತ್ರ. ಈ ಎಂಟನ್ನು ಜೋಡಿಸುವಾಗ ಜಿಲ್ಲೆಯ ಗಡಿಯನ್ನು ಎಲ್ಲ ಕಡೆಯೂ ಪಾಲಿಸಿಲ್ಲ. ಉಡುಪಿ ಜಿಲ್ಲೆಯ ಬೈಂದೂರಿನವರು ಮತ ಹಾಕುವುದು ಶಿವಮೊಗ್ಗ ಕ್ಷೇತ್ರಕ್ಕೆ. ಬೆಳಗಾವಿ ಜಿಲ್ಲೆಯ ಖಾನಾಪುರ, ಕಿತ್ತೂರಿನವರ ಸಂಸದರು ಉತ್ತರ ಕನ್ನಡದವರು. ತುಮಕೂರು ಜಿಲ್ಲೆಯ ಶಿರಾ, ಪಾವಗಡ ಚಿತ್ರದುರ್ಗಕ್ಕೆ ಸೇರಿವೆ. ಈ ಊರುಗಳಲ್ಲಿ ಪಕ್ಕದ ಕ್ಷೇತ್ರದ ಸಂಸದರಿಗೆ ಅರ್ಜಿ ಕೊಟ್ಟು ವರ್ಷಗಟ್ಟಲೆ ಕಾದವರಿದ್ದರೆ ನನಗೆ ಆಶ್ಚರ್ಯವಾಗುವುದಿಲ್ಲ.

ಸಂಸತ್ತಿನ ಅಧಿಕೃತ ಜಾಲತಾಣ ಸಂಸದ್ ಡಾಟ್ ಇನ್. ಅದರಲ್ಲಿ ಸದಸ್ಯರ ಪುಟ ತೆರೆದು ರಾಜ್ಯವನ್ನು ಆರಿಸಿದರೆ ಹೆಸರು, ದೆಹಲಿಯ ವಿಳಾಸ, ಊರಿನ ವಿಳಾಸ, ಇ-ಮೇಲ್ ಸಿಗುತ್ತವೆ. ಇಷ್ಟನ್ನು ಒಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ. ಜೊತೆಗೆ ರಾಜ್ಯಸಭೆಯ ಪುಟವನ್ನೂ ನೋಡಿ. ಕರ್ನಾಟಕದಿಂದ ಅಲ್ಲಿ 12 ಮಂದಿ ಇರುತ್ತಾರೆ. ಅವರನ್ನು ಆರಿಸುವುದು ನಮ್ಮ ಶಾಸಕರು, ಅವಧಿ ಆರು ವರ್ಷ, ಇಡೀ ರಾಜ್ಯವೇ ಅವರ ಕ್ಷೇತ್ರ. ಲೋಕಸಭೆಯವರು ಕಿವಿಗೊಡದಿದ್ದರೆ ಇವರಲ್ಲಿ ಒಬ್ಬರಾದರೂ ಕೊಡಬಹುದು. ಚುನಾವಣೆಯ ಓಡಾಟ ಇಲ್ಲದ್ದರಿಂದ ಇವರ ಕಚೇರಿಗೆ ಬರುವ ಕಾಗದಗಳ ರಾಶಿಯೂ ಚಿಕ್ಕದು.

ಹೆಜ್ಜೆ 2: ನಿಮ್ಮ ಸಮಸ್ಯೆ ದೆಹಲಿಯದೋ ಅಲ್ಲವೋ ನೋಡಿ

ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ: ಕೇಂದ್ರದ್ದು, ರಾಜ್ಯದ್ದು, ಇಬ್ಬರಿಗೂ ಸೇರಿದ್ದು. ಅದನ್ನು ಬಾಯಿಪಾಠ ಮಾಡಬೇಕಿಲ್ಲ. ರೈಲು, ರಾಷ್ಟ್ರೀಯ ಹೆದ್ದಾರಿ, ಅಂಚೆ, ಬ್ಯಾಂಕು, ಭವಿಷ್ಯನಿಧಿ, ಪಾಸ್‌ಪೋರ್ಟ್, ವಿಮಾನ ನಿಲ್ದಾಣ, ದೂರಸಂಪರ್ಕ ಇವೆಲ್ಲ ನೇರವಾಗಿ ಕೇಂದ್ರದವು. ಪೊಲೀಸ್ ಠಾಣೆ, ಪಹಣಿ, ಸರ್ಕಾರಿ ಆಸ್ಪತ್ರೆ, ಜಿಲ್ಲಾ ರಸ್ತೆ ರಾಜ್ಯದವು. ಕೇಂದ್ರದ ಹಣ ಹರಿದುಬರುವ ಯೋಜನೆಗಳು, ಅಂದರೆ ಉದ್ಯೋಗ ಖಾತ್ರಿ, ಮನೆ ಯೋಜನೆ, ನಲ್ಲಿ ನೀರಿನ ಯೋಜನೆಯಂಥವು, ನಡುವೆ ನಿಲ್ಲುತ್ತವೆ. ಇವುಗಳಲ್ಲಿ ಎಷ್ಟು ಹಣ ಬಂತು, ಎಷ್ಟು ಖರ್ಚಾಯಿತು ಎಂದು ಸಂಸದರ ಮೂಲಕ ಕೇಳಬಹುದು; ನಿಮ್ಮ ಬೀದಿಗೆ ಏಕೆ ನೀರು ಬರಲಿಲ್ಲ ಎಂದು ಕೇಳಿದರೆ ಪ್ರಶ್ನೆ ಸದನದ ಕಚೇರಿಯ ಬಾಗಿಲಿನಲ್ಲೇ ತಿರಸ್ಕೃತವಾಗುತ್ತದೆ.

ಹೆಜ್ಜೆ 3: ಅಂಕಿಗಳನ್ನು ನೋಡಿ, ಆದರೆ ಅವಕ್ಕೆ ಮರುಳಾಗಬೇಡಿ

ಪಿ.ಆರ್.ಎಸ್. ಲೆಜಿಸ್ಲೇಟಿವ್ ರಿಸರ್ಚ್ ಎಂಬ ಸಂಸ್ಥೆ ಪ್ರತಿ ಸಂಸದರ ಹಾಜರಾತಿ, ಕೇಳಿದ ಪ್ರಶ್ನೆಗಳು, ಭಾಗವಹಿಸಿದ ಚರ್ಚೆಗಳು, ಮಂತ್ರಿಯಲ್ಲದ ಸದಸ್ಯರಾಗಿ ಮಂಡಿಸಿದ ಖಾಸಗಿ ಮಸೂದೆಗಳು ಇಷ್ಟನ್ನೂ ಒಂದೇ ಪುಟದಲ್ಲಿ ಕೊಡುತ್ತದೆ. ಪಕ್ಕದಲ್ಲಿ ರಾಜ್ಯದ ಸರಾಸರಿ, ದೇಶದ ಸರಾಸರಿ. ಚುನಾವಣೆ ಹತ್ತಿರ ಬಂದಾಗ ಪತ್ರಿಕೆಗಳಲ್ಲಿ ಬರುವ 'ಸಂಸದರ ಅಂಕಪಟ್ಟಿ' ಬಹುತೇಕ ಇಲ್ಲಿಂದಲೇ ಎತ್ತಿದ್ದು.

ನಾನು ಮೊದಲ ಸಲ ಈ ಪುಟ ನೋಡಿದಾಗ ಒಬ್ಬರ ಹೆಸರಿನ ಮುಂದೆ ಪ್ರಶ್ನೆಯ ಜಾಗ ಖಾಲಿ ಇರುವುದನ್ನು ಕಂಡು ಕಿಡಿಕಿಡಿಯಾಗಿ ನಾಲ್ಕು ಜನರಿಗೆ ಹೇಳಿಬಿಟ್ಟಿದ್ದೆ. ಆಮೇಲೆ ನೋಡಿದರೆ ಅವರು ಮಂತ್ರಿ. ಮಂತ್ರಿಗಳು ಪ್ರಶ್ನೆ ಕೇಳುವುದಿಲ್ಲ, ಉತ್ತರ ಕೊಡುತ್ತಾರೆ. ಹಾಜರಾತಿಗೆ ಸಹಿಯನ್ನೂ ಹಾಕುವುದಿಲ್ಲ. ವಿರೋಧ ಪಕ್ಷದ ನಾಯಕರಿಗೂ ಸಹಿಯ ಕಟ್ಟುಪಾಡಿಲ್ಲ. ಹೇಳಿದ ನಾಲ್ಕು ಜನರ ಬಳಿಗೂ ಹೋಗಿ ತಪ್ಪೊಪ್ಪಿಕೊಳ್ಳಬೇಕಾಯಿತು.

ಹಾಜರಾತಿಯ ಅಂಕಿಯೂ ಹೇಳುವುದು ಅರ್ಧ ಸತ್ಯವನ್ನೇ. ಒಮ್ಮೆ ಹಾಜರಿ ಗುರುತು ಬಿದ್ದರೆ ಆ ದಿನ ಹಾಜರು. ಆಮೇಲೆ ಸದನದಲ್ಲಿ ಕೂತರೋ ಕ್ಯಾಂಟೀನಿನಲ್ಲಿ ಕೂತರೋ ಪುಟಕ್ಕೆ ತಿಳಿಯದು. ಸದನ ನಡೆಯಲು ಹತ್ತನೇ ಒಂದು ಭಾಗ ಸದಸ್ಯರಿದ್ದರೆ ಸಾಕು, ಲೋಕಸಭೆಯಲ್ಲಿ ಅದು 55. ಮಧ್ಯಾಹ್ನದ ಚರ್ಚೆಗಳಲ್ಲಿ ಖಾಲಿ ಬೆಂಚುಗಳನ್ನು ನೀವೇ ಕಂಡಿರುತ್ತೀರಿ. ಚರ್ಚೆಯ ಅಂಕಿಗೂ ಒಂದು ಕೊಕ್ಕೆ ಇದೆ. ಮಾತಾಡುವ ಸಮಯ ಹಂಚಿಕೆಯಾಗುವುದು ಪಕ್ಷದ ಬಲದ ಮೇಲೆ. ಪಕ್ಷೇತರರಿಗೆ, ಸಣ್ಣ ಪಕ್ಷದವರಿಗೆ ಎರಡೋ ಮೂರೋ ನಿಮಿಷ. ದೊಡ್ಡ ಪಕ್ಷದಲ್ಲಿ ಯಾರು ಮಾತಾಡಬೇಕೆಂದು ತೀರ್ಮಾನಿಸುವುದು ಪಕ್ಷ. ನಿಮ್ಮವರು ಮಾತಾಡಲಿಲ್ಲ ಎಂದರೆ ಬಾಯಿ ಬರುವುದಿಲ್ಲ ಎಂದೇನೂ ಅಲ್ಲ.

ಹಾಗಾದರೆ ನೋಡಬೇಕಾದ್ದು ಯಾವುದನ್ನು? ನನ್ನ ಮಟ್ಟಿಗೆ ಪ್ರಶ್ನೆಗಳನ್ನು. ಎಷ್ಟು ಎಂದಲ್ಲ, ಯಾವುವು ಎಂದು.

ಹೆಜ್ಜೆ 4: ಒಂದು ಪ್ರಶ್ನೆಯನ್ನು, ಅದರ ಉತ್ತರವನ್ನು ಪೂರ್ತಿ ಓದಿ

ಲೋಕಸಭೆಯಲ್ಲಿ ಬೆಳಿಗ್ಗೆ 11ರಿಂದ 12ರವರೆಗೆ, ರಾಜ್ಯಸಭೆಯಲ್ಲಿ ಮಧ್ಯಾಹ್ನ 12ರಿಂದ 1ರವರೆಗೆ ಪ್ರಶ್ನೋತ್ತರ ವೇಳೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದು ನಿಂತು ಬಾಯಿಮಾತಿನಲ್ಲಿ ಉತ್ತರಿಸಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ರಹಿತ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ. ಲೋಕಸಭೆಯಲ್ಲಿ ದಿನಕ್ಕೆ ಮೊದಲ ಬಗೆಯವು 20, ಎರಡನೆಯ ಬಗೆಯವು 230. ಇಪ್ಪತ್ತರಲ್ಲಿ ಬಾಯಿಮಾತಿನವರೆಗೆ ಬರುವುದು ಬೆರಳೆಣಿಕೆಯಷ್ಟು. ಉಳಿದವಕ್ಕೂ ಲಿಖಿತ ಉತ್ತರವೇ ಗತಿ.

ಟಿ.ವಿ.ಯಲ್ಲಿ ಕಾಣುವುದು ಆ ಬೆರಳೆಣಿಕೆಯಷ್ಟು. ನಮಗೆ ಬೇಕಾದ ಕಾಳು ಇರುವುದು ಉಳಿದ 230ರಲ್ಲಿ. ಸಂಸತ್ತಿನ ಜಾಲತಾಣದ ಪ್ರಶ್ನೆಗಳ ಪುಟದಲ್ಲಿ ನಿಮ್ಮ ಸಂಸದರ ಹೆಸರು ಹಾಕಿ ಹುಡುಕಿ. ಪಟ್ಟಿ ಬರುತ್ತದೆ: ದಿನಾಂಕ, ಸಚಿವಾಲಯ, ವಿಷಯ, ಉತ್ತರದ ಪಿಡಿಎಫ್. ಯಾವುದಾದರೂ ಒಂದನ್ನು ತೆರೆಯಿರಿ. ಇಂಗ್ಲಿಷ್, ಹಿಂದಿ ಎರಡರಲ್ಲೇ ಇರುತ್ತದೆ ಎಂಬುದು ಬೇಸರದ ಸಂಗತಿ. ಮೊಬೈಲಿನ ಅನುವಾದದ ಆ್ಯಪ್ ಸುಮಾರಾಗಿ ಕೆಲಸ ನಡೆಸಿಕೊಡುತ್ತದೆ. ಅಂಕಿಗಳನ್ನು ಮಾತ್ರ ಮೂಲದಲ್ಲೇ ನೋಡಿ.

ಮೇಲುಗಡೆ ಪ್ರಶ್ನೆ ಕೇಳಿದವರ ಹೆಸರು. ಕೆಲವೊಮ್ಮೆ ನಾಲ್ಕೈದು ಹೆಸರುಗಳು ಒಟ್ಟಿಗೆ ಇರುತ್ತವೆ. ಒಂದೇ ಬಗೆಯ ಪ್ರಶ್ನೆಗಳನ್ನು ಹೀಗೆ ಸೇರಿಸುತ್ತಾರೆ. ಅಲ್ಲಿ ಬೇರೆ ಬೇರೆ ರಾಜ್ಯದ ಐವರು ಅಕ್ಷರವೂ ಬದಲಾಗದ ಪ್ರಶ್ನೆ ಕೇಳಿದ್ದರೆ, ಯಾರೋ ಒಬ್ಬರು ಬರೆದುಕೊಟ್ಟದ್ದು ಎಂದು ಊಹಿಸುವುದು ಕಷ್ಟವಲ್ಲ. ಕೆಳಗೆ (ಎ), (ಬಿ), (ಸಿ) ಎಂದು ಭಾಗಗಳು. ಇಲ್ಲೇ ಸಂಸದರ ಕಸುಬು ತಿಳಿಯುವುದು. 'ದೇಶದಲ್ಲಿ ಕೌಶಲ ಅಭಿವೃದ್ಧಿಗೆ ಸರ್ಕಾರ ಕೈಗೊಂಡ ಕ್ರಮಗಳೇನು' ಎಂಬುದು ಮಂತ್ರಿಗೆ ತಾಂಬೂಲ ಕೊಟ್ಟು ಹಾಡು ಹೇಳಿಸುವಂಥ ಪ್ರಶ್ನೆ. 'ಈ ಜಿಲ್ಲೆಯ ತರಬೇತಿ ಕೇಂದ್ರಗಳಲ್ಲಿ ಕಳೆದ ಮೂರು ವರ್ಷಗಳಲ್ಲಿ ತರಬೇತಿ ಪಡೆದವರೆಷ್ಟು, ಅವರಲ್ಲಿ ಕೆಲಸ ಸಿಕ್ಕವರೆಷ್ಟು, ವರ್ಷವಾರು' ಎಂಬುದು ಲೆಕ್ಕ ಕೇಳುವ ಪ್ರಶ್ನೆ. ನಿಮ್ಮ ಸಂಸದರ ಪಟ್ಟಿಯಲ್ಲಿ ಇವೆರಡರ ಪ್ರಮಾಣ ಎಷ್ಟೆಷ್ಟು ಎಂದು ಹತ್ತು ಪ್ರಶ್ನೆ ಓದಿದರೆ ತಿಳಿದುಹೋಗುತ್ತದೆ.

ಇನ್ನು ಉತ್ತರ. ಸರ್ಕಾರಿ ಉತ್ತರಗಳಿಗೆ ಅವುಗಳದ್ದೇ ಒಂದು ಭಾಷೆ ಇದೆ, ಸ್ವಲ್ಪ ಅಭ್ಯಾಸ ಬೇಕು. 'ಪ್ರಶ್ನೆ ಉದ್ಭವಿಸುವುದಿಲ್ಲ' ಎಂದರೆ ಮೊದಲ ಭಾಗಕ್ಕೆ ಇಲ್ಲ ಎಂದುಬಿಟ್ಟಿದ್ದೇವೆ, ಮುಂದಿನದನ್ನು ಕೇಳಬೇಡಿ ಎಂದು. 'ಇದು ನಿರಂತರ ಪ್ರಕ್ರಿಯೆ' ಎಂದರೆ ಗಡುವು ಕೇಳಬೇಡಿ ಎಂದು. 'ಇದು ರಾಜ್ಯದ ವಿಷಯ' ಎಂದರೆ ಬೆಂಗಳೂರಿಗೆ ಹೋಗಿ ಎಂದು. (ಎ)ಯಿಂದ (ಇ)ವರೆಗೆ ಎಲ್ಲ ಭಾಗಗಳಿಗೂ ಸೇರಿಸಿ ಒಂದೇ ಉದ್ದನೆಯ ಉತ್ತರ ಕೊಟ್ಟಿದ್ದರೆ ಎಚ್ಚರವಹಿಸಿ. ಯಾವುದೋ ಒಂದು ಭಾಗ ಅದರಲ್ಲಿ ಮುಳುಗಿಹೋಗಿರುತ್ತದೆ. ಪೆನ್ಸಿಲ್ ಹಿಡಿದು ಒಂದೊಂದೇ ಭಾಗಕ್ಕೆ ಉತ್ತರ ಎಲ್ಲಿದೆ ಎಂದು ಗುರುತು ಹಾಕುತ್ತಾ ಹೋದರೆ ಗುರುತು ಬೀಳದ್ದು ತಾನಾಗಿ ಎದ್ದು ಕಾಣುತ್ತದೆ.

ಇವುಗಳ ನಡುವೆ ಎರಡು ಮಾತುಗಳು ಬಂಗಾರದಂಥವು: 'ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು' ಮತ್ತು 'ವಿಷಯ ಪರಿಶೀಲನೆಯಲ್ಲಿದೆ'. ನೋಡಲು ಜಾರಿಕೊಳ್ಳುವ ಮಾತಿನಂತಿವೆ. ಆದರೆ ಸಂಸತ್ತಿನ ಲೆಕ್ಕದಲ್ಲಿ ಇಂಥವು 'ಭರವಸೆ'ಗಳಾಗುತ್ತವೆ. ಭರವಸೆ ಎಂದು ದಾಖಲಾದ ಮೇಲೆ ಮೂರು ತಿಂಗಳೊಳಗೆ ಅದನ್ನು ಈಡೇರಿಸಬೇಕು, ಆಗದಿದ್ದರೆ ಹೆಚ್ಚಿನ ಸಮಯ ಕೇಳಬೇಕು. ಇದರ ಬೆನ್ನು ಹತ್ತಲೆಂದೇ ಎರಡೂ ಸದನಗಳಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಇದೆ. ಲೋಕಸಭೆಯದ್ದು 1953ರಿಂದ ಇದೆ. ವರ್ಷಗಳ ಹಿಂದಿನ ಭರವಸೆಯನ್ನು ಹಿಡಿದು ಅಧಿಕಾರಿಗಳನ್ನು ಕರೆಸಿ ಕೇಳುವ ಸಮಿತಿ ಇದು. ಊರಿನ ಸಾಲಗಾರನ ಕೈಯಲ್ಲಿ 'ನೋಡೋಣ' ಎನ್ನಿಸಿಕೊಂಡು ಬಂದರೆ ನಮಗೆ ಏನೂ ಸಿಕ್ಕಿಲ್ಲ ಎಂದರ್ಥ. ಮಂತ್ರಿಯ ಬಾಯಿಂದ ಸದನದಲ್ಲಿ 'ನೋಡೋಣ' ಬಂದರೆ ಅದು ಕಡತಕ್ಕೆ ಏರುತ್ತದೆ.

ಉತ್ತರ ಸುಳ್ಳಾದರೆ? ಸದನವನ್ನು ಬೇಕೆಂದೇ ದಾರಿ ತಪ್ಪಿಸಿದರೆ ಅದು ಹಕ್ಕುಚ್ಯುತಿ, ಅಂದರೆ ಸದನದ ವಿಶೇಷ ಹಕ್ಕಿಗೆ ತಂದ ಭಂಗ. ಆದ್ದರಿಂದಲೇ ಅಧಿಕಾರಿಗಳು ಪತ್ರಿಕಾಗೋಷ್ಠಿಯಲ್ಲಿ ಆಡುವ ಮಾತಿಗಿಂತ ಸಂಸತ್ತಿಗೆ ಬರೆದುಕೊಡುವ ವಾಕ್ಯವನ್ನು ಹತ್ತು ಪಟ್ಟು ಜಾಗರೂಕತೆಯಿಂದ ಬರೆಯುತ್ತಾರೆ. ನಮಗೆ ಆ ಜಾಗರೂಕತೆಯೇ ಬೇಕಾದ್ದು.

ಹೆಜ್ಜೆ 5: ನಿಮ್ಮ ಪ್ರಶ್ನೆಯನ್ನು ಬರೆದು ಕಳುಹಿಸಿ

ಪ್ರಶ್ನೆ ಕೇಳುವ ಹಕ್ಕು ಸಂಸದರದ್ದು. ವಿಷಯ ಒದಗಿಸುವ ಹಕ್ಕು ಯಾರಿಗೂ ಇದೆ. 2005ರ ಡಿಸೆಂಬರಿನಲ್ಲಿ, ಪ್ರಶ್ನೆ ಕೇಳಲು ಹಣ ಪಡೆದರೆಂದು ಲೋಕಸಭೆಯ 10, ರಾಜ್ಯಸಭೆಯ ಒಬ್ಬರು, ಒಟ್ಟು 11 ಸಂಸದರನ್ನು ಹೊರಹಾಕಿದ್ದು ನಿಮಗೆ ನೆನಪಿರಬಹುದು. ಪ್ರಶ್ನೆಗೆ ಬೆಲೆ ಇದೆ ಎಂದು ಅವರಿಗೆ ಗೊತ್ತಿತ್ತು. ಮತದಾರರಾದ ನಮಗೆ ಇನ್ನೂ ಗೊತ್ತಾಗಿಲ್ಲ.

ನನ್ನದೇ ಕಥೆ ಹೇಳುತ್ತೇನೆ. ನಮ್ಮ ಊರಿನ ಅಂಚಿನಲ್ಲಿ ಕೇಂದ್ರದ ಒಂದು ಇಲಾಖೆ ಕಟ್ಟಿಸಿದ ಕೆಳಸೇತುವೆ ಇದೆ. ಮಳೆ ಬಿದ್ದರೆ ಎದೆಮಟ್ಟ ನೀರು. ಶಾಲೆಯ ಮಕ್ಕಳು ಮೂರು ಕಿಲೋಮೀಟರ್ ಸುತ್ತಿ ಹೋಗಬೇಕು. ನಾನು ಮೂರು ಪುಟಗಳ ಕಾಗದ ಬರೆದು ಸಂಸದರ ಕಚೇರಿಗೆ ಕೊಟ್ಟೆ. 'ನಿರ್ಲಕ್ಷ್ಯ', 'ಜನದ್ರೋಹ', 'ಕುಂಭಕರ್ಣ ನಿದ್ರೆ' ಎಲ್ಲವೂ ಅದರಲ್ಲಿದ್ದವು. ಎರಡು ಅಧಿವೇಶನ ಮುಗಿದರೂ ಸುದ್ದಿಯಿಲ್ಲ. ಕೊನೆಗೆ ಕಚೇರಿಗೇ ಹೋದಾಗ ಆಪ್ತ ಸಹಾಯಕರು ನನ್ನ ಕಾಗದವನ್ನು ಕಡತದಿಂದ ತೆಗೆದು, 'ಯಜಮಾನರೇ, ಇದು ಬೈಗುಳ. ನನಗೆ ಪ್ರಶ್ನೆ ಬೇಕು' ಎಂದರು. ಆಮೇಲೆ ಅವರೇ ನಿಯಮ ತೋರಿಸಿದರು.

ಲೋಕಸಭೆಯ ನಿಯಮದ ಪ್ರಕಾರ ಪ್ರಶ್ನೆ ಸಾಮಾನ್ಯವಾಗಿ 150 ಪದ ಮೀರಬಾರದು. ವಾದ, ಊಹೆ, ವ್ಯಂಗ್ಯ, ಆರೋಪ, ವಿಶೇಷಣ ಸಲ್ಲದು. ಅಭಿಪ್ರಾಯ ಕೇಳಬಾರದು. ನ್ಯಾಯಾಲಯದಲ್ಲಿರುವ ವಿಷಯ, ರಾಜ್ಯ ಸರ್ಕಾರದ ವಿಷಯ, ಸುಲಭವಾಗಿ ಸಿಗುವ ದಾಖಲೆಗಳಲ್ಲಿ ಈಗಾಗಲೇ ಇರುವ ಮಾಹಿತಿ ಬೇಡ. ಕುಂಭಕರ್ಣನಿಗೆ ಅಲ್ಲಿ ಪ್ರವೇಶವೇ ಇಲ್ಲ. ಮೂರು ಪುಟವನ್ನು ಹಿಂಡಿ ನಾನು ಕೊಟ್ಟದ್ದು ಹೀಗಿತ್ತು:

ಸಂಬಂಧಪಟ್ಟ ಸಚಿವರು ತಿಳಿಸುವರೇ:
(ಎ) ಇಂಥ ಊರಿನ ಇಂಥ ಕೆಳಸೇತುವೆಯಲ್ಲಿ ಮಳೆಗಾಲದಲ್ಲಿ ನೀರು ನಿಲ್ಲುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ;
(ಬಿ) ಬಂದಿದ್ದಲ್ಲಿ, ಕಳೆದ ಮೂರು ವರ್ಷಗಳಲ್ಲಿ ಎಷ್ಟು ದಿನ ಸಂಚಾರ ನಿಂತಿತ್ತು, ವರ್ಷವಾರು ವಿವರ;
(ಸಿ) ನೀರು ಹೊರಹಾಕಲು ಮಾಡಿರುವ ಏರ್ಪಾಡು ಏನು, ಅದಕ್ಕೆ ಮಂಜೂರಾದ ಹಾಗೂ ಖರ್ಚಾದ ಹಣ ಎಷ್ಟು;
(ಡಿ) ಶಾಶ್ವತ ಪರಿಹಾರದ ಪ್ರಸ್ತಾವ ಇದೆಯೇ, ಇದ್ದಲ್ಲಿ ಮುಗಿಸುವ ಗಡುವು, ಇಲ್ಲದಿದ್ದಲ್ಲಿ ಕಾರಣ?

ಈ ನಾಲ್ಕು ಸಾಲುಗಳ ಕಟ್ಟನ್ನು ಗಮನಿಸಿ. (ಎ)ಗೆ 'ಹೌದು' ಅಥವಾ 'ಇಲ್ಲ' ಎನ್ನದೆ ಗತಿಯಿಲ್ಲ. (ಬಿ) ಮತ್ತು (ಸಿ) ಅಂಕಿ ಕೇಳುತ್ತವೆ. (ಡಿ) ಎರಡೂ ಬಾಗಿಲುಗಳನ್ನು ಮುಚ್ಚುತ್ತದೆ: ಇದೆ ಎಂದರೆ ಗಡುವು ಹೇಳಬೇಕು, ಇಲ್ಲ ಎಂದರೆ ಕಾರಣ ಹೇಳಬೇಕು. ಈ ಅಚ್ಚನ್ನು ಯಾವ ವಿಷಯಕ್ಕಾದರೂ ಒತ್ತಬಹುದು.

ಚುಕ್ಕೆ ರಹಿತ ಪ್ರಶ್ನೆಯಾಗಿ ಅದು ಹೋಯಿತು. ಉತ್ತರ ಬಂದಾಗ (ಸಿ) ಭಾಗ ಓದಿ ನಾವು ಮುಖ ಮುಖ ನೋಡಿಕೊಂಡೆವು. ಅಲ್ಲಿ ನೀರೆತ್ತುವ ಪಂಪ್ ಅಳವಡಿಸಲಾಗಿದೆ ಎಂದಿತ್ತು. ಊರಿನ ಯಾರಿಗೂ ಅದರ ಸುಳಿವಿರಲಿಲ್ಲ. ಹೋಗಿ ಹುಡುಕಿದರೆ ಪೊದೆಯ ಹಿಂದೆ ಬೀಗ ಜಡಿದ ಒಂದು ತಗಡಿನ ಷೆಡ್, ಒಳಗೆ ಪಂಪ್, ವಿದ್ಯುತ್ ಸಂಪರ್ಕ ಮಾತ್ರ ಇಲ್ಲ. ಷೆಡ್ಡಿನ ಫೋಟೊ ಒಂದು ಕಡೆ, ಉತ್ತರದ ಪ್ರತಿ ಒಂದು ಕಡೆ ಅಂಟಿಸಿ ಇಲಾಖೆಯ ಸ್ಥಳೀಯ ಕಚೇರಿಗೆ ಕೊಟ್ಟೆವು. ಮುಂಗಾರಿಗೆ ಮೊದಲು ತಂತಿ ಎಳೆದರು. ಸೇತುವೆ ಈಗಲೂ ಚೆನ್ನಾಗಿಲ್ಲ, ಆದರೆ ನೀರು ಮೊಣಕಾಲು ದಾಟುವುದಿಲ್ಲ.

ಇನ್ನು ಸಮಯದ ಲೆಕ್ಕ. ಪ್ರಶ್ನೆಯ ಸೂಚನೆ ಉತ್ತರದ ದಿನಕ್ಕಿಂತ ಕನಿಷ್ಠ 15 ದಿನ ಮೊದಲು ತಲುಪಬೇಕು. ಸಚಿವಾಲಯಗಳನ್ನು ಐದು ಗುಂಪು ಮಾಡಿ ವಾರದ ಒಂದೊಂದು ದಿನಕ್ಕೆ ಹಂಚಿರುತ್ತಾರೆ, ಆದ್ದರಿಂದ ಒಂದು ಇಲಾಖೆಗೆ ವಾರಕ್ಕೆ ಒಂದೇ ದಿನ. ಒಬ್ಬ ಸದಸ್ಯರು ಒಂದು ದಿನಕ್ಕೆ ಐದು ಸೂಚನೆಗಳವರೆಗೆ ಕೊಡಬಹುದು, ಯಾವುದು ಮೊದಲು ಎಂಬುದು ಲಾಟರಿಯಲ್ಲಿ ತೀರ್ಮಾನ. ಅದೃಷ್ಟ ಕೈಕೊಟ್ಟರೆ ಮುಂದಿನ ವಾರ ಮತ್ತೆ ಕೊಡಬೇಕು. ಹಾಗಾಗಿ ಅಧಿವೇಶನ ಶುರುವಾದ ಮೇಲೆ ಓಡಿಹೋದರೆ ಬಸ್ ಹೋದ ಮೇಲೆ ಟಿಕೆಟ್ ಕೇಳಿದಂತೆ.

ಪ್ರಶ್ನೆಗೆ ಒಗ್ಗದ ತುರ್ತು ವಿಷಯಕ್ಕೆ ಬೇರೆ ದಾರಿಗಳಿವೆ. ಶೂನ್ಯ ವೇಳೆಯಲ್ಲಿ, ಅಂದರೆ ತುರ್ತು ವಿಷಯಗಳಿಗೆಂದೇ ಬಿಟ್ಟ ಹೊತ್ತಿನಲ್ಲಿ, ಪ್ರಸ್ತಾಪಿಸಬಹುದು. ಲೋಕಸಭೆಯಲ್ಲಿ 377ನೇ ನಿಯಮದಡಿ, ರಾಜ್ಯಸಭೆಯಲ್ಲಿ ವಿಶೇಷ ಪ್ರಸ್ತಾಪದ ಮೂಲಕ ಬರೆದುಕೊಟ್ಟು ಓದಬಹುದು. ಸಂಸದರು ಅಲ್ಲಿ ಕನ್ನಡದಲ್ಲೇ ಮಾತಾಡುವುದಾದರೂ ಅಡ್ಡಿಯಿಲ್ಲ. 1967ರಲ್ಲಿ ಶಿವಮೊಗ್ಗದಿಂದ ಗೆದ್ದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಎದ್ದು ಕನ್ನಡದಲ್ಲಿ ಮಾತಾಡಿ ಆ ದಾರಿ ತೆರೆದರು. ಈಗ ಭಾಷಾಂತರದ ಏರ್ಪಾಡೂ ಇದೆ. ಹಿಂದಿ ಬಾರದು ಎಂಬ ನೆಪ ಹೇಳುವ ಸಂಸದರಿಗೆ ಇದನ್ನು ನಯವಾಗಿ ನೆನಪಿಸಿ.

ಹೆಜ್ಜೆ 6: ಮಸೂದೆ ಬಂದಾಗ ಸಮಿತಿಯತ್ತ ನೋಡಿ

ಸದನದಲ್ಲಿ ಘೋಷಣೆ, ಸಭಾತ್ಯಾಗ, ಸಭಾಧ್ಯಕ್ಷರ ಪೀಠದ ಮುಂದಿನ 'ಬಾವಿ'ಗೆ ನುಗ್ಗುವುದು ಇವನ್ನೇ ನೋಡಿ ಸಂಸತ್ತು ಎಂದರೆ ಇಷ್ಟೇ ಎಂದುಕೊಂಡವರು ಸಮಿತಿಯ ವರದಿಯೊಂದನ್ನು ಓದಬೇಕು. ಇಲಾಖಾವಾರು ಸ್ಥಾಯಿ ಸಮಿತಿಗಳು 1993ರಲ್ಲಿ ಶುರುವಾದವು, ಈಗ 24 ಇವೆ. ಒಂದೊಂದರಲ್ಲಿ 31 ಮಂದಿ, 21 ಲೋಕಸಭೆಯಿಂದ, 10 ರಾಜ್ಯಸಭೆಯಿಂದ. ಮಂತ್ರಿಗಳು ಇರುವಂತಿಲ್ಲ. ಕ್ಯಾಮೆರಾ ಇಲ್ಲದ ಕೋಣೆಯಲ್ಲಿ ಬೇರೆ ಬೇರೆ ಪಕ್ಷದವರು ಕೂತು ಅಧಿಕಾರಿಗಳನ್ನು ಪ್ರಶ್ನಿಸುತ್ತಾರೆ. ಕ್ಯಾಮೆರಾ ಇಲ್ಲದ್ದೇ ಅಲ್ಲಿ ಕೆಲಸ ನಡೆಯಲು ಕಾರಣ ಎಂದು ನನ್ನ ಗುಮಾನಿ.

ನಿಮ್ಮ ಸಂಸದರು ಯಾವ ಸಮಿತಿಯಲ್ಲಿದ್ದಾರೆ ಎಂಬುದು ಅವರ ಪುಟದಲ್ಲೇ ಇರುತ್ತದೆ. ಆ ಸಮಿತಿಯ ಇತ್ತೀಚಿನ ವರದಿ ತೆರೆದು ನೇರ ಕೊನೆಯ ಪುಟಗಳಿಗೆ ಹೋಗಿ. ಅಲ್ಲಿ ಸಭೆಗಳ ನಡಾವಳಿ ಇರುತ್ತದೆ, ಪ್ರತಿ ಸಭೆಗೆ ಯಾರು ಬಂದಿದ್ದರು ಎಂಬ ಪಟ್ಟಿಯೂ. ಪತ್ರಿಕೆಗಳ ಅಂಕಪಟ್ಟಿಯಲ್ಲಿ ಕಾಣದ ಹಾಜರಾತಿ ಇದು.

ಮಸೂದೆ ಸಮಿತಿಗೆ ಹೋದರೆ ಸಾಮಾನ್ಯವಾಗಿ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು ಸಾರ್ವಜನಿಕರ ಅಭಿಪ್ರಾಯ ಕೇಳುತ್ತಾರೆ. ಗಡುವು ಚಿಕ್ಕದು, ಕಾಗದ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರಬೇಕು. ಮಸೂದೆಯ ಯಾವ ಕಲಮು, ಅದರಲ್ಲಿ ಯಾವ ಪದ, ಅದರ ಬದಲಿಗೆ ಏನಿರಬೇಕು, ಏಕೆ ಎಂದು ಬರೆಯಿರಿ. ಒಮ್ಮೆ ಕೊಟ್ಟ ಮೇಲೆ ಅದು ಸಮಿತಿಯ ಗೋಪ್ಯ ದಾಖಲೆಯಾಗುತ್ತದೆ, ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬಾರದು.

ಬೇಸರದ ಸಂಗತಿ ಏನೆಂದರೆ, ಈ ಬಾಗಿಲು ಕಿರಿದಾಗುತ್ತಾ ಬಂದಿದೆ. 15ನೇ ಲೋಕಸಭೆಯ ಅವಧಿಯಲ್ಲಿ ನೂರಕ್ಕೆ 71 ಮಸೂದೆಗಳು ಸಮಿತಿಗೆ ಹೋಗಿದ್ದವು; 17ನೇ ಲೋಕಸಭೆಯಲ್ಲಿ ನೂರಕ್ಕೆ 16. ಮೊದಲ ಲೋಕಸಭೆ 677 ದಿನ ಸೇರಿತ್ತು, ಹದಿನೇಳನೆಯದು 274 ದಿನ. ಆಡಳಿತದಲ್ಲಿ ಯಾವ ಪಕ್ಷವೇ ಇರಲಿ, ಮಸೂದೆಯನ್ನು ಸಮಿತಿಗೆ ಕಳುಹಿಸಿ ಎಂದು ಕೇಳುವ ಕಾಗದವನ್ನು ನಿಮ್ಮ ಸಂಸದರಿಗೆ ಬರೆಯಬಹುದು. ಪ್ರಚಾರವಿಲ್ಲದ ಬೇಡಿಕೆ ಇದು, ಆದರೆ ನನ್ನ ಲೆಕ್ಕದಲ್ಲಿ ಮೊದಲ ಸಾಲಿನದು.

ಮಸೂದೆಗೆ ಅವರು ಹೇಗೆ ಮತ ಹಾಕಿದರು ಎಂದು ತಿಳಿಯಬಹುದೇ? ಎಲ್ಲ ಸಲವೂ ಅಲ್ಲ. ಬಹುತೇಕ ಮಸೂದೆಗಳು ಧ್ವನಿಮತದಲ್ಲಿ ಪಾಸಾಗುತ್ತವೆ, ಅಲ್ಲಿ ಯಾರ ಹೆಸರೂ ದಾಖಲಾಗುವುದಿಲ್ಲ. ಯಾರಾದರೂ ಸದಸ್ಯರು ಪಟ್ಟು ಹಿಡಿದು ಮತ ವಿಭಜನೆ, ಅಂದರೆ ಒಬ್ಬೊಬ್ಬರ ಮತದ ಎಣಿಕೆ, ನಡೆದರೆ ಮಾತ್ರ ಹೆಸರುಗಳು ಬರುತ್ತವೆ. ಸಂವಿಧಾನ ತಿದ್ದುಪಡಿಗೆ ಅದು ಕಡ್ಡಾಯ. 2023ರ ಸೆಪ್ಟೆಂಬರ್ 20ರಂದು ಮಹಿಳಾ ಮೀಸಲಾತಿ ಮಸೂದೆಗೆ ಲೋಕಸಭೆಯಲ್ಲಿ ಪರ 454, ವಿರುದ್ಧ 2 ಎಂದು ನಮಗೆ ನಿಖರವಾಗಿ ತಿಳಿದದ್ದು ಅದರಿಂದಲೇ. ಹೆಸರು ಸಿಕ್ಕಿದರೂ ಆ ಮತ ಅವರದ್ದೇ ಎಂದುಕೊಳ್ಳಬೇಡಿ. 1985ರಲ್ಲಿ ಬಂದ ಪಕ್ಷಾಂತರ ನಿಷೇಧದ ಹತ್ತನೇ ಅನುಸೂಚಿಯ ಪ್ರಕಾರ, ಪಕ್ಷದ ವಿಪ್ (ಹೀಗೇ ಮತ ಹಾಕಿ ಎಂಬ ಆದೇಶ) ಮೀರಿ ಮತ ಹಾಕಿದರೆ ಸದಸ್ಯತ್ವಕ್ಕೇ ಕುತ್ತು. ಪ್ರಶ್ನೆ ಕೇಳಲು ವಿಪ್ ಇಲ್ಲ. ನಾನು ಮತಕ್ಕಿಂತ ಪ್ರಶ್ನೆಯನ್ನು ಹೆಚ್ಚು ನೆಚ್ಚುವುದು ಅದಕ್ಕೇ.

ಹೆಜ್ಜೆ 7: ಉಳಿದ ಎರಡು ಬಾಗಿಲುಗಳು

ಅರ್ಜಿಗಳ ಸಮಿತಿ ಎಂದೊಂದಿದೆ. ಸಾರ್ವಜನಿಕ ಹಿತದ ವಿಷಯದ ಮೇಲೆ ಯಾವ ನಾಗರಿಕರಾದರೂ ಸದನಕ್ಕೇ ಅರ್ಜಿ ಬರೆಯಬಹುದು. ಭಾಷೆ ಗೌರವದಿಂದಿರಬೇಕು, ಸಹಿ ಮಾಡಿದವರ ಹೆಸರು ವಿಳಾಸ ಇರಬೇಕು, ಕೊನೆಯಲ್ಲಿ ಏನು ಆಗಬೇಕೆಂಬ ಪ್ರಾರ್ಥನೆ ಸ್ಪಷ್ಟವಾಗಿರಬೇಕು. ಕನ್ನಡದಲ್ಲಿ ಬರೆದರೆ ಇಂಗ್ಲಿಷ್ ಅಥವಾ ಹಿಂದಿ ಅನುವಾದವನ್ನೂ ಸಹಿ ಮಾಡಿ ಜೊತೆಗಿಡಿ. ಸಂಸದರೊಬ್ಬರ ಮೂಲಕ ಮಂಡಿಸುವುದಾದರೆ ಅವರ ಮೇಲು ಸಹಿ ಬೇಕು.

ಇನ್ನೊಂದು, ಸಂಸದರ ಪ್ರದೇಶಾಭಿವೃದ್ಧಿ ನಿಧಿ. 1993ರ ಡಿಸೆಂಬರಿನಲ್ಲಿ ಶುರುವಾದ ಇದು ಈಗ ವರ್ಷಕ್ಕೆ 5 ಕೋಟಿ ರೂಪಾಯಿ. ಸಂಸದರು ಕೆಲಸವನ್ನು ಶಿಫಾರಸು ಮಾಡುತ್ತಾರೆ ಅಷ್ಟೇ. ಮಂಜೂರು ಮಾಡಿ ಮಾಡಿಸುವುದು ಜಿಲ್ಲಾಡಳಿತ. ಎಂಟು ವಿಧಾನಸಭಾ ಕ್ಷೇತ್ರಗಳಿಗೆ ಹಂಚಿದರೆ ಒಂದಕ್ಕೆ ಬರುವುದು 62.5 ಲಕ್ಷ. ಬಸ್ ತಂಗುದಾಣ, ಸಮುದಾಯ ಭವನ, ಹೈಮಾಸ್ಟ್ ದೀಪ ಇದರಲ್ಲಿ ಆಗುತ್ತವೆ, ದೊಡ್ಡ ಅಕ್ಷರದ ಫಲಕವೂ ಬರುತ್ತದೆ. ಫಲಕ ನೋಡಿ ಸಂಸದರನ್ನು ಅಳೆಯುವ ಚಾಳಿ ನಮಗಂಟಿದ್ದು ಇದರಿಂದ. ಆದರೂ ಹಣ ನಮ್ಮದೇ ಆದ್ದರಿಂದ ಯಾವ ಕೆಲಸಕ್ಕೆ ಎಷ್ಟು ಹೋಯಿತು ಎಂದು ಜಿಲ್ಲಾಧಿಕಾರಿ ಕಚೇರಿಯಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಕೇಳಿ.

ಕೊನೆಗೆ ಗೋಡೆಯ ಕ್ಯಾಲೆಂಡರಿನಲ್ಲಿ ಮೂರು ಗುರುತು ಹಾಕಿಕೊಳ್ಳಿ. ಬಜೆಟ್ ಅಧಿವೇಶನ ಜನವರಿಯ ಕೊನೆಯ ಸುಮಾರಿಗೆ ಶುರುವಾಗಿ, ನಡುವೆ ಬಿಡುವು ಪಡೆದು, ಏಪ್ರಿಲ್‌ವರೆಗೆ ನಡೆಯುತ್ತದೆ. ಮುಂಗಾರು ಅಧಿವೇಶನ ಸಾಮಾನ್ಯವಾಗಿ ಜುಲೈನಲ್ಲಿ. ಚಳಿಗಾಲದ್ದು ನವೆಂಬರ್ ಕೊನೆಗೋ ಡಿಸೆಂಬರ್ ಮೊದಲಿಗೋ. ಪ್ರತಿಯೊಂದಕ್ಕೂ ಐದಾರು ವಾರ ಮೊದಲು ನಿಮ್ಮ ಕಾಗದ ಆಪ್ತ ಸಹಾಯಕರ ಮೇಜಿನ ಮೇಲಿರಬೇಕು. ಸಂಕ್ರಾಂತಿಯ ಎಳ್ಳುಬೆಲ್ಲ ಹಂಚುವ ಹೊತ್ತಿಗೆ ಬಜೆಟ್ ಅಧಿವೇಶನದ ಪ್ರಶ್ನೆಗೆ ತಡವಾಗಿರುತ್ತದೆ. ಚಳಿಗಾಲದ್ದನ್ನು ದಸರಾ ರಜೆ ಮುಗಿದ ವಾರದಲ್ಲೇ ಬರೆದು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬನ್ನಿ.